ಐದು ಲಕ್ಷದ ಜಾಗದಲ್ಲಿ ಇಪ್ಪತ್ತು

ಅಮೆರಿಕದ ಕಾಲೇಜುಗಳಿಗೆ ಇಲ್ಲಿಯ ಮಕ್ಕಳ ಅರ್ಜಿ ತಯಾರು ಮಾಡಿಕೊಡುವುದು ನನ್ನ ಕೆಲಸ. ಕದ್ರಿಯಲ್ಲಿ ಒಬ್ಬ ದಂತವೈದ್ಯರ ಕ್ಲಿನಿಕ್ಕಿನ ಮೇಲಿನ ಮಹಡಿಯಲ್ಲಿ ನನ್ನ ಆಫೀಸು ಇದೆ. ಎರಡು ಕೋಣೆ, ಮೂರು ಕಂಪ್ಯೂಟರು, ಅಲ್ಲಿಗೆ ಓದಲು ಹೋದ ಮಕ್ಕಳ ಫೋಟೋ ಅಂಟಿಸಿದ ಒಂದು ಗೋಡೆ. ಈ ಕೆಲಸದಲ್ಲಿ ಮಾಡಿದ ತಪ್ಪುಗಳಲ್ಲಿ ಹೆಚ್ಚಿನವನ್ನು ಮರೆತಿದ್ದೇನೆ; ಮರೆಯದಿದ್ದರೆ ಮರುದಿನ ಬಂದು ಬಾಗಿಲು ತೆಗೆಯಲು ಆಗುವುದಿಲ್ಲ. ಒಂದನ್ನು ಮಾತ್ರ ಮರೆಯಲು ಆಗಿಲ್ಲ. ಅದನ್ನು ಇಲ್ಲಿ ಬರೆಯುತ್ತಿದ್ದೇನೆ.

ಆ ಹುಡುಗಿ ತಾನು ಉಮ್ಮ ಎಂದು ಕರೆಯುವ ತಾಯಿಯ ಜೊತೆ ಬಂದದ್ದು ಒಂದು ಆಗಸ್ಟ್ ತಿಂಗಳಲ್ಲಿ. ಆಗ ಎರಡನೇ ಪಿಯುಸಿ ಓದುತ್ತಿದ್ದಳು. ಮನೆ ಜೆಪ್ಪುವಿನಲ್ಲಿ, ಬ್ಯಾರಿ ಮುಸ್ಲಿಂ ಕುಟುಂಬ. ಅವಳ ಉಪ್ಪನಿಗೆ, ಎಂದರೆ ತಂದೆಗೆ, ಬಂದರಿನ ಹತ್ತಿರ ಬೋಟಿನವರಿಗೆ ಬೇಕಾದ ಹಗ್ಗ, ಬಲೆ, ಟಾರ್ಪಾಲು ಮಾರುವ ಅಂಗಡಿ. ಹುಡುಗಿ ಮಾತಿಗಿಂತ ಮೊದಲು ಚೀಲದಿಂದ ಎರಡು ನೋಟ್‌ಬುಕ್ ತೆಗೆದು ನನ್ನ ಮೇಜಿನ ಮೇಲೆ ಇಟ್ಟಳು. ಒಳಗೆ ಬರೀ ಮರುವಾಯಿ ಎಂಬ ಚಿಪ್ಪುಮೀನಿನ ಲೆಕ್ಕ. ನೇತ್ರಾವತಿಯ ಅಳಿವೆಯಿಂದ ಮರುವಾಯಿ ತಂದು ಮಾರುವ ಹೆಂಗಸಿನಿಂದ ವಾರಕ್ಕೊಮ್ಮೆ ನೂರು ಚಿಪ್ಪು ಕೊಂಡು, ಒಂದೊಂದರ ಉದ್ದ ಅಳೆದು ಬರೆದಿದ್ದಳು. ಎರಡು ವರ್ಷದಿಂದ ಹೀಗೆ ನಡೆದಿತ್ತು. ಚಿಪ್ಪು ಸಣ್ಣದಾಗುತ್ತಾ ಬಂದಿದೆ ಎಂದು ಅವಳಿಗೆ ಅನುಮಾನ. ಕಾರಣ ಉಪ್ಪೋ, ಮರಳು ತೆಗೆಯುವುದೋ, ಅಥವಾ ಮಾರುವವಳು ತನಗೆ ಸಣ್ಣದ್ದನ್ನೇ ಆರಿಸಿ ಕೊಡುತ್ತಿದ್ದಾಳೋ ಎಂದು ಅವಳೇ ಪುಟದ ಅಂಚಿನಲ್ಲಿ ಬರೆದುಕೊಂಡಿದ್ದಳು. ಆ ಕೊನೆಯ ಸಂಶಯವನ್ನು ಓದಿದಾಗಲೇ ಈ ಹುಡುಗಿ ಬೇರೆ ಎಂದು ನನಗೆ ಗೊತ್ತಾಯಿತು.

"ಮನೆ ಎಲ್ಲ ಮರುವಾಯಿ ವಾಸನೆ ಮೇಡಂ" ಎಂದರು ಉಮ್ಮ. "ಇವಳಿಗೆ ಅದನ್ನೇ ಓದಬೇಕಂತೆ. ಅಲ್ಲಿ ಅದನ್ನು ಓದಿಸ್ತಾರಾ?"

ಓದಿಸುತ್ತಾರೆ. ಸಮುದ್ರ ತೀರದ ಒಂದು ಸಣ್ಣ ಕಾಲೇಜಿನಲ್ಲಿ ಮೊದಲ ವರ್ಷದ ಮಕ್ಕಳನ್ನೇ ಅಳಿವೆಗೆ ಇಳಿಸಿ ಕೆಲಸ ಮಾಡಿಸುತ್ತಾರೆ. ಆ ಕಾಲೇಜಿನ ಪುಟ ತೆರೆದು ತೋರಿಸಿದೆ. ಹುಡುಗಿ ಕುರ್ಚಿ ಎಳೆದುಕೊಂಡು ಕಂಪ್ಯೂಟರಿನ ಹತ್ತಿರ ಬಂದವಳು ಅರ್ಧ ಗಂಟೆ ಅಲುಗಾಡಲಿಲ್ಲ. ಉಮ್ಮ ಅಷ್ಟರಲ್ಲಿ ಮುಖ್ಯ ಪ್ರಶ್ನೆ ಕೇಳಿದರು. ವರ್ಷಕ್ಕೆ ಎಷ್ಟಾಗುತ್ತದೆ? ಊಟ, ವಸತಿ ಎಲ್ಲ ಸೇರಿ ಎಪ್ಪತ್ತು ಲಕ್ಷದ ಹತ್ತಿರ ಎಂದೆ. ಅವರು ನಕ್ಕುಬಿಟ್ಟರು, ನಾನು ತಮಾಷೆ ಮಾಡುತ್ತಿದ್ದೇನೆ ಎಂದುಕೊಂಡು.

ಇಲ್ಲಿ ಒಂದು ವಿಷಯ ಹೇಳಬೇಕು. ಇದು ಗೊತ್ತಿಲ್ಲದೆ ಮುಂದಿನದು ಅರ್ಥವಾಗುವುದಿಲ್ಲ. ಅಲ್ಲಿಯ ಕಾಲೇಜುಗಳು ಬಡ ಮಕ್ಕಳಿಗೆ ಸಹಾಯ ಕೊಡುತ್ತವೆ, ನಿಜ. ಆದರೆ ಹೊರದೇಶದ ಮಕ್ಕಳ ಮಟ್ಟಿಗೆ, ಹಣದ ಕಡೆ ನೋಡದೆ ಬರೀ ಯೋಗ್ಯತೆ ನೋಡಿ ಸೀಟು ಕೊಡುವ ಕಾಲೇಜುಗಳು ಬೆರಳೆಣಿಕೆಯಷ್ಟು. ಉಳಿದವು ಅರ್ಜಿ ಓದುವಾಗಲೇ ಹಣದ ಕಾಲಮ್ಮನ್ನೂ ಓದುತ್ತವೆ. ಎಷ್ಟು ಹೆಚ್ಚು ಕೇಳುತ್ತೀರೋ ಸೀಟು ಸಿಗುವ ಸಾಧ್ಯತೆ ಅಷ್ಟು ಕಡಿಮೆ. ಇನ್ನೊಂದು ನಿಯಮ ಇದಕ್ಕಿಂತ ಕಠಿಣ. ಅರ್ಜಿಯಲ್ಲಿ ಎಷ್ಟು ಕೇಳಿದಿರೋ ಅದರ ಮೇಲೆಯೇ ನಾಲ್ಕು ವರ್ಷದ ಲೆಕ್ಕ. ಆಮೇಲೆ ಹೋಗಿ ಸಾಲುವುದಿಲ್ಲ ಎಂದರೆ ಆಗುವುದಿಲ್ಲ.

"ಮಾರ್ಕ್ ಇದ್ದರೆ ಸೀಟು ಕೊಡ್ಲಿಕ್ಕೆ ಅವರಿಗೆ ಎಂತ ತೊಂದರೆ?" ಎಂದು ಉಮ್ಮ ಕೇಳಿದರು.

"ಹೊರದೇಶದ ಮಕ್ಕಳಿಗೆ ಅಂತ ಅವರ ಹತ್ತಿರ ಒಂದು ಡಬ್ಬಿ ಹಣ ಉಂಟು ಅಂತ ಇಟ್ಟುಕೊಳ್ಳಿ. ನಿಮ್ಮ ಮಗಳನ್ನು ತಗೊಂಡರೆ ಡಬ್ಬಿ ಎಷ್ಟು ಖಾಲಿ ಆಗ್ತದೆ ಅಂತ ನೋಡ್ತಾರೆ."

"ಹಾಗಾದ್ರೆ ಇಲ್ಲದವರು ಇಲ್ಲ ಅಂತ ಹೇಳಿದ್ರೇ ನಷ್ಟ ಅಲ್ವಾ?"

ನಾನು ಹತ್ತು ನಿಮಿಷ ತೆಗೆದುಕೊಂಡು ಹೇಳಿದ್ದನ್ನು ಅವರು ಒಂದೇ ಮಾತಿನಲ್ಲಿ ಹೇಳಿದ್ದರು.

ಸೆಪ್ಟೆಂಬರಿನಿಂದ ಕೆಲಸ ಶುರುವಾಯಿತು. ಮೊದಲ ತೊಡಕು ಪಿಯು ಕಾಲೇಜಿನದ್ದು. ವರ್ಷದ ಕೊನೆಗೆ ಎಷ್ಟು ಅಂಕ ಬರಬಹುದು ಎಂಬ ಅಂದಾಜನ್ನು ಉಪನ್ಯಾಸಕರೇ ಬರೆದು ಕಳಿಸಬೇಕು. ನಮ್ಮ ಕಾಲೇಜುಗಳಲ್ಲಿ ಆ ಪದ್ಧತಿಯೇ ಇಲ್ಲ. ಪ್ರಾಂಶುಪಾಲರು "ನಾವು ಜ್ಯೋತಿಷ್ಯ ಹೇಳುವವರಾ?" ಎಂದರು. ಮೂರು ಸಲ ಹೋಗಿ ಕೂತ ಮೇಲೆ ಅರ್ಧವಾರ್ಷಿಕ ಪರೀಕ್ಷೆಯ ಅಂಕಗಳ ಮೇಲೆ ಸೀಲು ಹಾಕಿ ಕೊಟ್ಟರು. ಜೀವಶಾಸ್ತ್ರದ ಉಪನ್ಯಾಸಕರು ಶಿಫಾರಸು ಪತ್ರ ಎಂದು ಎರಡೇ ಸಾಲು ಬರೆದಿದ್ದರು. ಈಕೆ ಒಳ್ಳೆಯ ನಡತೆಯವಳು, ಶ್ರದ್ಧೆಯಿಂದ ಓದುತ್ತಾಳೆ. ಅವರನ್ನು ಆಫೀಸಿಗೆ ಕರೆಸಿ, ಚಹಾ ಕೊಟ್ಟು, ಈ ಹುಡುಗಿ ನಿಮಗೆ ಕೇಳಿದ ಅತಿ ಕಷ್ಟದ ಪ್ರಶ್ನೆ ಯಾವುದು ಎಂದು ಕೇಳಿದೆ. ಮನುಷ್ಯ ನಲವತ್ತು ನಿಮಿಷ ಮಾತಾಡಿದರು. ಅದನ್ನೇ ಬರೆಯಿರಿ ಎಂದೆ. ಪತ್ರ ಬಹಳ ಚೆನ್ನಾಗಿ ಬಂತು.

ಅರ್ಜಿಯ ಜೊತೆ ಕಳಿಸಬೇಕಾದ ಪ್ರಬಂಧವನ್ನು ಹುಡುಗಿ ಆರು ಸಲ ತಿದ್ದಿದಳು. ಮರುವಾಯಿ ಮಾರುವ ಹೆಂಗಸಿಗೆ ತನ್ನ ಲೆಕ್ಕ ತೋರಿಸಿದಾಗ ಅವಳು ಹೇಳಿದ ಮಾತಿನಿಂದ ಅದು ಆರಂಭವಾಗುತ್ತಿತ್ತು. ನಾನು ಒಂದು ಅಲ್ಪವಿರಾಮವನ್ನೂ ಮುಟ್ಟಲಿಲ್ಲ. ಇಷ್ಟರ ಮಟ್ಟಿಗೆ ನನ್ನ ಕೆಲಸದಲ್ಲಿ ದೋಷ ಇರಲಿಲ್ಲ ಎಂದು ಇವತ್ತಿಗೂ ಹೇಳಬಲ್ಲೆ.

ಹಣದ ಅರ್ಜಿ ಬೇರೆಯೇ ಇರುತ್ತದೆ. ಅದನ್ನು ಡಿಸೆಂಬರಿನಲ್ಲಿ ಹಿಡಿದುಕೊಂಡೆವು. ತಂದೆ ಕಾಗದಗಳನ್ನೆಲ್ಲ ಒಂದು ಬಟ್ಟೆಯಂಗಡಿಯ ಕೈಚೀಲದಲ್ಲಿ ತುಂಬಿಕೊಂಡು ಬಂದರು. ಐವತ್ತು ದಾಟಿದ, ಮೆಲುದನಿಯ ಮನುಷ್ಯ. ಅರ್ಜಿಯ ಪ್ರಶ್ನೆಗಳೆಲ್ಲ ತಿಂಗಳ ಸಂಬಳ ತೆಗೆದುಕೊಳ್ಳುವವರಿಗೆ ಬರೆದಂತಿದ್ದವು. ಇವರಿಗೋ ಮಳೆಗಾಲದಲ್ಲಿ ಬೋಟು ಇಳಿಯದಿರುವಾಗ ವ್ಯಾಪಾರವೇ ಇಲ್ಲ. ಮನೆಯ ಬೆಲೆ ಎಷ್ಟು ಎಂದು ಒಂದು ಕಾಲಂ. ಮನೆ ಮೂವರು ಅಣ್ಣತಮ್ಮಂದಿರ ಹೆಸರಿನಲ್ಲಿ, ಮಾರುವ ಮಾತೇ ಇಲ್ಲ. ಆದರೂ ಬೆಲೆ ಬರೆಯಬೇಕು. ಇಂಥದ್ದನ್ನೆಲ್ಲ ವಿವರಿಸಿ ಪ್ರತ್ಯೇಕ ಟಿಪ್ಪಣಿ ಬರೆದೆ. ಕೊನೆಗೆ ಎಲ್ಲಕ್ಕಿಂತ ಮುಖ್ಯವಾದ ಕಾಲಂ ಬಂತು. ಪೋಷಕರು ವರ್ಷಕ್ಕೆ ಎಷ್ಟು ಕೊಡಬಲ್ಲರು?

ತಂದೆ ಕಣ್ಣು ಮುಚ್ಚಿ ಸ್ವಲ್ಪ ಹೊತ್ತು ಲೆಕ್ಕ ಹಾಕಿದರು. "ಐದು ಲಕ್ಷ ಬರೀರಿ ಮೇಡಂ. ಕಷ್ಟ ಆಗ್ತದೆ, ಆದರೆ ಕೊಡ್ತೇನೆ. ನಾಲ್ಕು ವರ್ಷವೂ ಕೊಡ್ತೇನೆ."

ಪೆನ್ಸಿಲಿನಲ್ಲಿ ಐದು ಎಂದು ಬರೆದುಕೊಂಡೆ. ಅವರನ್ನು ಬೀಳ್ಕೊಡುವಾಗ ಮೆಟ್ಟಿಲ ಹತ್ತಿರ ಒಂದು ಮಾತು ಹೇಳಿದೆ. "ಬ್ಯಾಂಕ್ ಸ್ಟೇಟ್‌ಮೆಂಟ್ ತೆಗೆಯುವ ಮೊದಲು ಬ್ಯಾಲೆನ್ಸ್ ಸ್ವಲ್ಪ ನೋಡಿಕೊಳ್ಳಿ, ಆಯ್ತಾ?"

ನಮ್ಮ ಊರಿನಲ್ಲಿ ಈ ಮಾತಿಗೆ ವಿವರಣೆ ಬೇಕಾಗಿಲ್ಲ. ಮನೆಮನೆಯಿಂದ ಗಲ್ಫಿಗೆ, ಇಸ್ರೇಲಿಗೆ, ಕೆನಡಾಕ್ಕೆ ಹೋಗಿಬಂದ ಊರು ಇದು. ಯಾರಿಗಾದರೂ ವೀಸಾ ಆಗಬೇಕೆಂದರೆ ನೆಂಟರು ಒಂದಷ್ಟು ಹಣವನ್ನು ಆ ಖಾತೆಗೆ ಹಾಕುತ್ತಾರೆ. ಸ್ಟೇಟ್‌ಮೆಂಟ್ ತೆಗೆದ ಮೇಲೆ ಹಣ ವಾಪಸ್ ಹೋಗುತ್ತದೆ. ಕಾಗದವಿಲ್ಲ, ಸಹಿಯಿಲ್ಲ. ನಮ್ಮ ಕೊಂಕಣಿ ಕ್ರಿಶ್ಚಿಯನ್ ಮನೆಗಳಲ್ಲೂ ಇದೇ ರೀತಿ. ನನ್ನ ತಮ್ಮ ಕೆನಡಾಕ್ಕೆ ಹೊರಟಾಗ ನನ್ನ ಖಾತೆಯಿಂದಲೇ ಹಣ ಹೋಗಿತ್ತು. ಇದಕ್ಕೆ 'ಬ್ಯಾಲೆನ್ಸ್ ತೋರಿಸುವುದು' ಎಂದು ಹೆಸರು. ವರ್ಷಗಟ್ಟಲೆ ವೀಸಾ ಕಾಗದ ಮಾಡಿದ ನನಗೆ ಅದು ಮೇಜು ಒರೆಸಿದಷ್ಟು ಸಹಜವಾಗಿತ್ತು. ವೀಸಾದವನು ಕೇಳುವುದು, ನಿನ್ನ ಹತ್ತಿರ ಇದೆಯೇ ಎಂದು. ಸಹಾಯ ಕೊಡುವ ಕಾಲೇಜು ಕೇಳುವುದು, ನಿನ್ನ ಹತ್ತಿರ ಎಷ್ಟು ಇಲ್ಲ ಎಂದು. ಎರಡಕ್ಕೂ ಒಂದೇ ಉತ್ತರ ಕೊಡಬಾರದು ಎಂಬುದು ನನಗೆ ಆ ದಿನ ಹೊಳೆಯಲಿಲ್ಲವೇ? ಹೊಳೆದಿತ್ತು. ಹೊಳೆದರೂ ಬಾಯಿ ಹಳೆಯ ಮಾತನ್ನೇ ಹೇಳಿತು.

ಒಂದು ವಾರದಲ್ಲಿ ತಂದೆ ಸ್ಟೇಟ್‌ಮೆಂಟ್ ತಂದರು. ಇಪ್ಪತ್ತೆರಡು ಲಕ್ಷ ಇತ್ತು. ಶಾರ್ಜಾದ ಭಾವ, ಇಬ್ಬರು ಅಣ್ಣಂದಿರು, ಒಬ್ಬ ಹಳೆಯ ಗೆಳೆಯ ಸೇರಿ ಹಾಕಿದ್ದರು. "ನಾಡಿದ್ದು ಎಲ್ಲ ವಾಪಸ್ ಹಾಕ್ತೇನೆ. ಸಾಕಲ್ವಾ ಇಷ್ಟು?" ಎಂದು ಅವರು ಕೇಳಿದ ಧ್ವನಿಯಲ್ಲಿ ಹೆಮ್ಮೆಯಿತ್ತು. ಕರೆದರೆ ಬರುವ ಜನ ಇದ್ದಾರೆ ಎಂಬ ಹೆಮ್ಮೆ.

ಅರ್ಜಿಯ ಕೊನೆಯ ದಿನ ಜನವರಿಯ ಮೊದಲ ವಾರದಲ್ಲಿತ್ತು. ಮಧ್ಯಾಹ್ನ ಹುಡುಗಿ ಕಾಲೇಜಿನಿಂದ ಸೀದಾ ಬಂದಳು. ಎಲ್ಲ ಪುಟ ಒಂದೊಂದಾಗಿ ಕೊನೆಯ ಸಲ ನೋಡುತ್ತಾ ಬಂದೆವು. ಐದು ಲಕ್ಷದ ಕಾಲಂ ಬಂದಾಗ ನಾನು ನಿಲ್ಲಿಸಿದೆ.

ಹಿಂದಿನ ವರ್ಷ ನಾನು ಕೈ ಸುಟ್ಟುಕೊಂಡಿದ್ದೆ. ಇಬ್ಬರು ಜಾಣ ಮಕ್ಕಳಿಗೆ ಹೆಚ್ಚುಕಡಿಮೆ ಪೂರ್ತಿ ಸಹಾಯ ಕೇಳಿ ಬರೆದಿದ್ದೆ. ಇಬ್ಬರಿಗೂ ಎಲ್ಲ ಕಡೆಯಿಂದ ಇಲ್ಲ ಎಂದು ಬಂತು. ಐದು ಬರೆದರೆ ಈ ಅರ್ಜಿಯೂ ಅದೇ ದಾರಿ ಹಿಡಿಯುತ್ತದೆ ಎಂದು ನನಗೆ ಖಚಿತವಾಗಿತ್ತು. ಕೇಳುವುದನ್ನು ಕಡಿಮೆ ಮಾಡಬೇಕು. ಮೊದಲು ಸೀಟು ಸಿಗಲಿ. ಉಳಿದದ್ದಕ್ಕೆ ಶಿಕ್ಷಣ ಸಾಲ ಇದ್ದೇ ಇದೆ. ಅಂಥ ಕಾಲೇಜಿನ ಸೀಟು ಸಿಕ್ಕಿದರೆ ಬ್ಯಾಂಕಿನವರೇ ಮನೆಗೆ ಬರುತ್ತಾರೆ. ಇದು ನನ್ನ ಲೆಕ್ಕ. ಇನ್ನೂ ಒಂದು ಕಾರಣ ಇತ್ತು, ಅದನ್ನು ಮುಚ್ಚಿಡುವುದಿಲ್ಲ. ಆ ಕಾಲೇಜಿಗೆ ನನ್ನ ಆಫೀಸಿನಿಂದ ಯಾರೂ ಹೋಗಿರಲಿಲ್ಲ. ಗೋಡೆಯ ಮೇಲೆ ಆ ಫೋಟೋ ನನಗೆ ಬೇಕಿತ್ತು.

ಐದನ್ನು ಅಳಿಸಿ ಇಪ್ಪತ್ತು ಹಾಕಿದೆ.

ಹುಡುಗಿ ಪರದೆ ನೋಡಿದಳು. "ಮಿಸ್, ಅದು ನಮ್ಮ ಹಣ ಅಲ್ಲ."

"ಸ್ಟೇಟ್‌ಮೆಂಟಲ್ಲಿ ಉಂಟಲ್ಲ?"

"ಅದು ವಾಪಸ್ ಹೋಗಿ ಆಯ್ತು. ಉಪ್ಪ ಐದು ಅಂತಲೇ ಹೇಳಿದ್ದು."

"ನೋಡು, ನಿನಗೆ ಈ ಕಾಲೇಜು ಬೇಕಾ, ಬೇಡ್ವಾ?"

ಹದಿನೇಳು ವರ್ಷದ ಹುಡುಗಿಗೆ ಕೇಳಬಾರದ ಪ್ರಶ್ನೆ ಅದು. "ಲೋನ್ ಎಲ್ಲ ನಾನು ನೋಡಿಕೊಳ್ತೇನೆ, ನೀನು ತಲೆಬಿಸಿ ಮಾಡಬೇಡ" ಎಂದೆ. ತಂದೆಯ ಸಹಿ ಮೊದಲೇ ಆಗಿತ್ತು. ನನ್ನ ಮೇಲೆ ನಂಬಿಕೆಯಿಟ್ಟು ಖಾಲಿ ಘೋಷಣಾ ಪತ್ರಕ್ಕೆ ಹಾಕಿ ಹೋಗಿದ್ದರು. ಕಳಿಸುವ ಗುಂಡಿಯನ್ನು ಅವಳೇ ಒತ್ತಬೇಕು, ಅದು ನಿಯಮ. ಅವಳು ಒತ್ತಿದಳು. ನಾನು ಕೆಳಗಿನ ಅಂಗಡಿಯಿಂದ ಐಸ್‌ಕ್ರೀಂ ತರಿಸಿದೆ. ಅವಳು ಅರ್ಧ ತಿಂದು, ಬಸ್ಸಿಗೆ ಹೊತ್ತಾಯಿತು ಎಂದು ಎದ್ದಳು.

ಮಾರ್ಚ್ ಕೊನೆಯಲ್ಲಿ, ರಂಜಾನ್ ಉಪವಾಸದ ಕೊನೆಯ ದಿನಗಳಲ್ಲಿ ಫಲಿತಾಂಶ ಬಂತು. ಮುಂಜಾನೆಯ ಊಟಕ್ಕೆ ಎದ್ದ ಮನೆಯವರೆಲ್ಲ ಫೋನಿನ ಸುತ್ತ ಕೂತು ನೋಡಿದರಂತೆ. ನಾನು ಏಳುವಾಗ ಉಮ್ಮನ ಏಳು ಧ್ವನಿ ಸಂದೇಶಗಳಿದ್ದವು, ಏಳರಲ್ಲೂ ಅಳು. ಸೀಟು ಸಿಕ್ಕಿತ್ತು. ಸಹಾಯವೂ ಸಿಕ್ಕಿತ್ತು, ನಾನು ಕೇಳಿದಷ್ಟೇ, ಒಂದು ರೂಪಾಯಿ ಹೆಚ್ಚಿಲ್ಲ, ಕಡಿಮೆಯಿಲ್ಲ. ಕುಟುಂಬದ ಪಾಲು ವರ್ಷಕ್ಕೆ ಇಪ್ಪತ್ತು ಲಕ್ಷ. ಆ ಬೆಳಿಗ್ಗೆ ನನಗಾದ ಖುಷಿಯನ್ನು ನೆನೆದರೆ ಈಗ ನಾಚಿಕೆಯಾಗುತ್ತದೆ. ಬಿಜೈಯ ಮನೆಯಿಂದ ಕದ್ರಿಯ ತನಕ ನಡೆದುಕೊಂಡೇ ಹೋದೆ, ದಾರಿಯುದ್ದಕ್ಕೂ ಯಾರುಯಾರಿಗೋ ಫೋನ್ ಮಾಡುತ್ತಾ.

ಹಬ್ಬ ಕಳೆದು ಎರಡು ದಿನಕ್ಕೆ ತಂದೆ ಮಗಳು ಬಂದರು. ಸಾಲದ ಕಾಗದಗಳನ್ನು ಒಂದು ಫೈಲಿನಲ್ಲಿ ಜೋಡಿಸಿ ಇಟ್ಟಿದ್ದೆ. ವರ್ಷಕ್ಕೆ ಹದಿನೈದು ಲಕ್ಷದ ಹಾಗೆ, ಮನೆಯಲ್ಲಿರುವ ಅವರ ಪಾಲಿನ ಮೇಲಾಗಲಿ ಅಂಗಡಿಯ ಮೇಲಾಗಲಿ, ಬಡ್ಡಿ ಎಷ್ಟು, ಕಂತು ಯಾವಾಗಿನಿಂದ ಎಂದು ಉತ್ಸಾಹದಿಂದ ವಿವರಿಸಿದೆ. ತಂದೆ ಪೂರ್ತಿ ಕೇಳಿದರು. ಮಧ್ಯೆ ಬಾಯಿ ಹಾಕುವ ಸ್ವಭಾವ ಅವರದ್ದಲ್ಲ.

"ಬಡ್ಡಿ ನಮಗೆ ಆಗುವುದಿಲ್ಲ ಮೇಡಂ" ಎಂದರು.

"ಇದು ಓದಿಗಲ್ವಾ ಮಾರಾಯ್ರೆ? ನಿಮ್ಮವರು ಎಷ್ಟೋ ಜನ ತಗೊಳ್ತಾರೆ."

"ತಗೊಳ್ಳುವವರು ಇದ್ದಾರೆ. ನಾನು ಅವರಿಗೆ ಎಂತದೂ ಹೇಳುವುದಿಲ್ಲ. ನಾನು ಅಂಗಡಿಗೂ ತಗೊಳ್ಳಲಿಲ್ಲ, ಮನೆಗೂ ತಗೊಳ್ಳಲಿಲ್ಲ. ಅಂಗಡಿ ಹಾಕಿ ಇಪ್ಪತ್ತಾರು ವರ್ಷ ಆಯ್ತು." ಫೈಲನ್ನು ನನ್ನ ಕಡೆ ಸರಿಸಿ, "ಸಾಲ ಬೇಕಾಗ್ತದೆ ಅಂತ ಮೊದಲು ಹೇಳ್ಲಿಲ್ಲ ಅಲ್ವಾ ನೀವು?" ಎಂದರು.

ಹೇಳಿರಲಿಲ್ಲ. ಕೇಳಿಯೂ ಇರಲಿಲ್ಲ. ಹುಟ್ಟಿದಂದಿನಿಂದ ಈ ಊರಿನಲ್ಲಿದ್ದೇನೆ. ನನ್ನ ಮನೆಯ ಪಕ್ಕದ ಬೀದಿಯಲ್ಲೇ ಧರ್ಮಕ್ಕೆ ನಿಷಿದ್ಧವೆಂದು ಬಡ್ಡಿ ಮುಟ್ಟದ ಹತ್ತು ಕುಟುಂಬಗಳಿವೆ. ಅವರ ಮದುವೆಗೆ ಹೋಗಿದ್ದೇನೆ, ಹಬ್ಬದ ಬಿರಿಯಾನಿ ತಿಂದಿದ್ದೇನೆ. ಅವರು ಹಣವನ್ನು ಹೇಗೆ ನೋಡುತ್ತಾರೆ ಎಂದು ಒಂದು ಸಲವೂ ವಿಚಾರಿಸಿರಲಿಲ್ಲ. ಅಮೆರಿಕದ ಕಾಲೇಜಿನ ನಿಯಮವೆಲ್ಲ ಬಾಯಿಪಾಠ ಇದ್ದ ನನಗೆ ಜೆಪ್ಪುವಿನ ಒಂದು ಮನೆಯ ನಿಯಮ ಗೊತ್ತಿರಲಿಲ್ಲ.

"ಹಾಗಾದರೆ ಭಾವ, ಅಣ್ಣಂದಿರು?" ಎಂದೆ.

"ತೋರಿಸಲಿಕ್ಕೆ ಕೊಡುವುದು ಬೇರೆ ಮೇಡಂ. ಅವರಿಗೂ ಮಕ್ಕಳಿದ್ದಾರೆ." ಮಸೀದಿಯ ಜಮಾತಿನಿಂದ ಬಡ್ಡಿಯಿಲ್ಲದೆ ಒಂದು ಸಲಕ್ಕೆ ಎರಡು ಲಕ್ಷ ಸಿಗಬಹುದು ಎಂದರು. ಉಮ್ಮನ ಚಿನ್ನ ಮಾರುವ ಮಾತು ಬಂತು. ಎಲ್ಲ ಸೇರಿಸಿದರೂ ಮೊದಲ ವರ್ಷಕ್ಕೇ ಮುಟ್ಟುತ್ತಿರಲಿಲ್ಲ, ಮತ್ತೆ ಮೂರು ವರ್ಷ ಬಾಕಿ. ಹುಡುಗಿ ಕಾಲಿನ ಹತ್ತಿರ ನೆಲ ನೋಡುತ್ತಾ ಕೂತಿದ್ದಳು. ಉತ್ತರ ಕೊಡಲು ಕಾಲೇಜು ಮೇ ಒಂದರ ತನಕ ಸಮಯ ಕೊಟ್ಟಿತ್ತು.

ಉಳಿದದ್ದು ಮನವಿಯ ದಾರಿ. ಪರಿಸ್ಥಿತಿ ಬದಲಾಗಿದ್ದರೆ ಸಹಾಯವನ್ನು ಮತ್ತೆ ಪರಿಶೀಲಿಸಿ ಎಂದು ಕಾಲೇಜಿಗೆ ಬರೆಯಬಹುದು. ಬರೆದೆ. ಎರಡು ದಿನಕ್ಕೆ ಉತ್ತರ ಬಂತು. ಜನವರಿಯ ನಂತರ ಏನು ಬದಲಾಗಿದೆ ಎಂದು ವಿವರಿಸಿ, ಜೊತೆಗೆ ಆರು ತಿಂಗಳ ಬ್ಯಾಂಕ್ ವಿವರ ಕಳಿಸಿ ಎಂದಿತ್ತು. ಏನೂ ಬದಲಾಗಿರಲಿಲ್ಲ. ಆರು ತಿಂಗಳ ವಿವರ ಕಳಿಸಿದರೆ ಡಿಸೆಂಬರಿನಲ್ಲಿ ಒಂದೇ ವಾರ ಹಣ ಬಂದು ಹೋದದ್ದು ಯಾವ ಮಗುವಿಗೂ ಕಾಣುವಂತಿತ್ತು.

ನಾನು ಒಂದು ಕರಡು ತಯಾರಿಸಿದೆ. ಈ ಸಲ ಮೀನು ಕಡಿಮೆ, ಬೋಟುಗಳು ದಡದಲ್ಲೇ ನಿಂತಿವೆ, ಅಂಗಡಿಗೆ ನಷ್ಟವಾಗಿ ಇದ್ದ ಹಣ ಕರಗಿದೆ ಎಂದು. ಚೆನ್ನಾಗಿಯೇ ಬರೆದಿದ್ದೆ. ಹುಡುಗಿಯನ್ನು ಕರೆಸಿ ಓದಲು ಕೊಟ್ಟೆ.

"ಮಿಸ್, ಈ ಸಲ ಮೀನು ಚೆನ್ನಾಗಿ ಬಂದಿದೆ" ಎಂದಳು.

"ಅದು ಅವರಿಗೆ ಗೊತ್ತಾಗ್ತದಾ?"

"ನಂಗೆ ಗೊತ್ತುಂಟಲ್ಲ." ಕಾಗದವನ್ನು ಮೇಜಿನ ಮೇಲೆ ತಿರುಗಿಸಿ ಇಟ್ಟಳು. "ನಾನೇ ಬರೀತೇನೆ."

ಪಕ್ಕದ ಕೋಣೆಯಲ್ಲಿ ಕೂತು ಒಂದು ಗಂಟೆಯಲ್ಲಿ ಬರೆದಳು. ಒಂದೇ ಪುಟ. ನಮ್ಮ ಊರಿನಲ್ಲಿ ಹೀಗೊಂದು ರೂಢಿ ಇದೆ, ನೆಂಟರ ಹಣ ಒಂದು ವಾರ ನಮ್ಮ ಖಾತೆಯಲ್ಲಿತ್ತು, ಅದು ನಮ್ಮದಲ್ಲ. ನನ್ನ ತಂದೆ ವರ್ಷಕ್ಕೆ ಐದು ಲಕ್ಷ ಕೊಡಬಲ್ಲರು. ಬಡ್ಡಿ ಸಾಲ ನಮ್ಮ ಮನೆಯಲ್ಲಿ ಇಲ್ಲ. ನಾವು ತಪ್ಪು ಅಂಕಿ ಕೊಟ್ಟೆವು, ಅದಕ್ಕೆ ಕ್ಷಮೆ ಕೇಳುತ್ತೇವೆ.

ಪುಟದ ತುಂಬ 'ನಾವು' ಇತ್ತು. ಅಂಕಿ ಬದಲಿಸಿದ್ದು ಯಾರು ಎಂದು ಎಲ್ಲಿಯೂ ಇರಲಿಲ್ಲ. ನಾನು ಎರಡು ಸಲ ಓದಿದೆ. ಕೆಳಗೆ ಎರಡು ಸಾಲು ಸೇರಿಸಬಹುದಿತ್ತು. ಈ ಅಂಕಿ ನನ್ನ ಸಲಹೆಯದ್ದು, ತಂದೆ ಹೇಳಿದ್ದು ಐದೇ, ಹುಡುಗಿ ಬೇಡ ಎಂದಿದ್ದಳು. ಆ ಎರಡು ಸಾಲಿನಿಂದ ಪತ್ರಕ್ಕೆ ಬಲ ಬರುತ್ತಿತ್ತೋ ಇಲ್ಲವೋ ಗೊತ್ತಿಲ್ಲ. ನನ್ನ ಹೆಸರು ಆ ಕಾಲೇಜಿನ ಪಟ್ಟಿಯಲ್ಲಿ ಕೆಡುತ್ತಿತ್ತು, ಅದು ಗೊತ್ತಿತ್ತು. ಮುಂದಿನ ವರ್ಷದ ಮಕ್ಕಳಿಗೆ ತೊಂದರೆಯಾಗುತ್ತದೆ ಎಂದು ನನಗೆ ನಾನೇ ಹೇಳಿಕೊಂಡೆ. ಪತ್ರವನ್ನು ಹಾಗೆಯೇ ಕಳಿಸಿದೆವು.

ಐದನೆಯ ದಿನ ಉತ್ತರ ಬಂತು. ಸಭ್ಯವಾದ ಪತ್ರ. ನಿಜ ಹೇಳಿದ್ದಕ್ಕೆ ಧನ್ಯವಾದ. ಸೀಟನ್ನು ನಾವಾಗಿ ಹಿಂತೆಗೆಯುವುದಿಲ್ಲ. ಆದರೆ ಹೊರದೇಶದ ವಿದ್ಯಾರ್ಥಿಗಳ ಸಹಾಯದ ಹಣ ಈ ವರ್ಷದ ಮಟ್ಟಿಗೆ ಹಂಚಿ ಮುಗಿದಿದೆ. ಕೊನೆಗೆ ಅಧಿಕಾರಿ ತಾನೇ ಒಂದು ವಾಕ್ಯ ಸೇರಿಸಿದ್ದರು. ಈ ಅಂಕಿ ಜನವರಿಯಲ್ಲೇ ನಮ್ಮ ಮುಂದಿದ್ದರೆ ನಮ್ಮ ತೀರ್ಮಾನ ಏನಾಗುತ್ತಿತ್ತು ಎಂದು ಹೇಳಲಾರೆ, ಆದರೆ ನಾವು ಓದಬೇಕಾಗಿದ್ದ ಅರ್ಜಿ ಅದೇ ಆಗಿತ್ತು.

ಆ ವಾಕ್ಯ ನನ್ನನ್ನು ಬಿಟ್ಟಿಲ್ಲ. ಐದು ಎಂದೇ ಬರೆದಿದ್ದರೆ ಇಲ್ಲ ಎಂದೇ ಬರಬಹುದಿತ್ತು. ಹೆಚ್ಚಿನ ಸಾಧ್ಯತೆ ಅದೇ. ಆಗ ಅವಳಿಗೆ ಇಲ್ಲ ಎಂದವರು ಅವರಾಗಿರುತ್ತಿದ್ದರು. ಅವಳ ನಿಜವಾದ ಅರ್ಜಿಯನ್ನು ಯಾರೂ ಓದಲೇ ಇಲ್ಲ. ಅದನ್ನು ನಾನು ಓದಗೊಡಲಿಲ್ಲ.

ಏಪ್ರಿಲ್ ಕೊನೆಯ ದಿನ ಸೀಟು ಬೇಡ ಎಂದು ತಿಳಿಸಲು ತಂದೆ ಮಗಳು ಬಂದರು. ಅದಕ್ಕೂ ಒಂದು ಪುಟ ಇದೆ. ಬೇಡ ಎಂದು ಒತ್ತಿದ ಮೇಲೆ ಕಾರಣ ಕೇಳುತ್ತದೆ. ಬೇರೆ ಕಾಲೇಜು, ಬೇರೆ ವಿಷಯ, ಮನೆಯಿಂದ ದೂರ, ಹೀಗೆ ಉದ್ದ ಪಟ್ಟಿ. ಹುಡುಗಿ ನಿಧಾನವಾಗಿ ಕೆಳಗೆ ಹೋಗಿ 'ಹಣ' ಎಂಬುದನ್ನು ಆರಿಸಿ, ಕಳಿಸಿ, ನೀರು ಕುಡಿಯಲು ಹೊರಗೆ ಹೋದಳು.

ತಂದೆ ಆಗ ನನ್ನ ಮುಂದೆ ಕೂತಿದ್ದವರು ಎದ್ದು ನಿಂತರು. "ನೀವು ಇಷ್ಟು ಕಷ್ಟಪಟ್ಟಿರಿ ಮೇಡಂ. ನನ್ನಿಂದ ಹಾಳಾಯ್ತು. ಆ ಹಣ ಅಷ್ಟು ಬೇಗ ವಾಪಸ್ ಹಾಕಬಾರದಿತ್ತು. ಸಾಲದ್ದೂ ನನ್ನ ಹಟವೇ. ತಪ್ಪು ತಿಳ್ಕೊಳ್ಳಬೇಡಿ."

ಅವರು ಹಾಗೆ ತಿಳಿದಿದ್ದರು. ಸ್ಟೇಟ್‌ಮೆಂಟ್ ನೋಡಿ ಕಾಲೇಜಿನವರೇ ಇಪ್ಪತ್ತು ಎಂದು ಹಾಕಿದ್ದಾರೆ, ಹಣ ಖಾತೆಯಲ್ಲೇ ಉಳಿದಿದ್ದರೆ ಮಗಳು ಹೋಗುತ್ತಿದ್ದಳು ಎಂದು. ಆಗ ನಾನು ಹೇಳಬೇಕಿತ್ತು. ನಿಮ್ಮಿಂದ ಅಲ್ಲ, ನೀವು ಹೇಳಿದ ಐದನ್ನು ಅಳಿಸಿದ್ದು ನಾನು ಎಂದು. ಬಾಯಿಗೆ ಬಂದದ್ದು ಬೇರೆಯೇ ಮಾತು.

"ಇರಲಿ ಬಿಡಿ. ಹೀಗೆಲ್ಲ ಆಗ್ತದೆ" ಎಂದೆ.

ತಪ್ಪು ಮಾಡಿದ ನಾನು ಆ ಮನುಷ್ಯನನ್ನು ಕ್ಷಮಿಸಿ ಕಳಿಸಿದೆ.

ಹುಡುಗಿ ಇಲ್ಲಿಯೇ ಬಿ.ಎಸ್ಸಿ. ಸೇರಿದಳು ಎಂದು ಯಾರೋ ಹೇಳಿದರು. ನಾನು ಫೋನ್ ಮಾಡಲಿಲ್ಲ. ಜೆಪ್ಪುವಿನ ಕಡೆ ಹೋಗುವ ಕೆಲಸ ಬಂದರೆ ಬೇರೆಯವರನ್ನು ಕಳಿಸಿದೆ. ಆಫೀಸಿನಲ್ಲಿ ಮಾತ್ರ ಪದ್ಧತಿ ಬದಲಾಯಿಸಿದೆ. ಈಗ ಮೊದಲ ದಿನವೇ ಪೋಷಕರಿಗೆ ಒಂದು ಹಾಳೆ ಕೊಡುತ್ತೇನೆ. ಯಾರನ್ನೂ ಕೇಳದೆ ನೀವೇ ಎಷ್ಟು ಕೊಡಬಲ್ಲಿರಿ? ಬಡ್ಡಿ ಸಾಲ ನಿಮಗೆ ಆಗುತ್ತದೆಯೇ? ಸ್ಟೇಟ್‌ಮೆಂಟಿನ ಹಣ ಯಾರದ್ದು? ಅವರು ತಾವೇ ಬರೆದ ಅಂಕಿ ಅರ್ಜಿಯಲ್ಲಿ ಹಾಗೆಯೇ ಹೋಗುತ್ತದೆ.

ಹೋದ ತಿಂಗಳು ಬಿಜೈಯ ಒಬ್ಬ ತಾಯಿ, ನಮ್ಮ ಇಗರ್ಜಿಯವರೇ, ನರ್ಸು, ಆ ಹಾಳೆಯನ್ನು ತುಂಬಿ ಕೊಡುತ್ತಾ "ಎಷ್ಟು ಒಳ್ಳೆ ಪ್ರಶ್ನೆ ಕೇಳ್ತೀರಿ. ಬೇರೆ ಕಡೆ ಯಾರೂ ಹೀಗೆ ಕೇಳಿರಲಿಲ್ಲ" ಎಂದು ಹೊಗಳಿದರು. ನನಗೆ ಕೂತಲ್ಲಿ ಕೂರಲು ಆಗಲಿಲ್ಲ. ಆ ಪ್ರಶ್ನೆಗಳಿಗೆ ಬೆಲೆ ತೆತ್ತವರು ಯಾರು, ಹೊಗಳಿಸಿಕೊಳ್ಳುತ್ತಿರುವುದು ಯಾರು? ಅವರು ಹೋದ ಮೇಲೆ ಬಾಗಿಲು ಹಾಕಿ, ರಿಕ್ಷಾ ಹಿಡಿದು ಬಂದರಿಗೆ ಹೋದೆ.

ತಂದೆ ಅಂಗಡಿಯ ಮುಂದೆ ಸ್ಟೂಲಿನ ಮೇಲೆ ಕೂತು ನೈಲಾನ್ ಹಗ್ಗ ಸುತ್ತುತ್ತಿದ್ದರು. ನನ್ನನ್ನು ನೋಡಿ ಎದ್ದು, ಸ್ಟೂಲು ಒರೆಸಿ ಕೊಟ್ಟು, ಎದುರಿನ ಹೋಟೆಲಿಗೆ ಚಹಾಕ್ಕೆ ಕೈಸನ್ನೆ ಮಾಡಿದರು. ಮಗಳು ಹೇಗಿದ್ದಾಳೆ ಎಂದು ಕೇಳುವ ಧೈರ್ಯ ಬರಲಿಲ್ಲ. ಬಂದ ವಿಷಯವನ್ನೇ ಹೇಳಿದೆ, ನಿಂತುಕೊಂಡೇ. ನೀವು ಐದು ಹೇಳಿದ್ದಿರಿ. ಇಪ್ಪತ್ತು ಮಾಡಿದ್ದು ನಾನು. ಅವಳು ಬೇಡ ಅಂದಿದ್ದಳು. ನೀವು ಹಣ ವಾಪಸ್ ಹಾಕಿದ್ದಕ್ಕೂ, ಸಾಲ ಬೇಡ ಅಂದದ್ದಕ್ಕೂ ಸೀಟು ಹೋದದ್ದಕ್ಕೂ ಏನೂ ಸಂಬಂಧ ಇಲ್ಲ. ನಿಮ್ಮದು ಏನೇನೂ ತಪ್ಪಿಲ್ಲ.

ಅವರು ಹಗ್ಗದ ಸುರುಳಿಯನ್ನು ಪೂರ್ತಿ ಸುತ್ತಿ, ತುದಿಯನ್ನು ಒಳಗೆ ಸಿಕ್ಕಿಸಿ ಕೆಳಗಿಟ್ಟರು.

"ಗೊತ್ತುಂಟು ಮೇಡಂ" ಎಂದರು. "ಆ ದಿನ ನಿಮ್ಮಲ್ಲಿಂದ ಹೋಗುವಾಗ ರಿಕ್ಷಾದಲ್ಲೇ ಮಗಳು ಹೇಳಿದಳು. ನಾನು ನಿಮ್ಮ ಹತ್ತಿರ ಕ್ಷಮೆ ಕೇಳಿದ್ದು ಅವಳಿಗೆ ಹೊರಗೆ ಕೇಳಿಸಿತ್ತಂತೆ. ತುಂಬ ಅತ್ತಳು."

ಅವರು ಒರೆಸಿ ಕೊಟ್ಟಿದ್ದ ಸ್ಟೂಲಿನ ಮೇಲೆ ಕೂತೆ.

"ನೀವು ಫೋನ್ ಮಾಡ್ತೀರಿ ಅಂತ ಅವಳಿಗೆ ಹೇಳಿದ್ದೆ. ಮಿಸ್ ಒಳ್ಳೆಯವರು, ಇವತ್ತಲ್ಲ ನಾಳೆ ಹೇಳ್ತಾರೆ ಅಂತ. ಸುಮಾರು ದಿನ ಕೇಳ್ತಾ ಇದ್ದಳು, ಮಾಡಿದ್ರಾ ಅಂತ." ಚಹಾ ಬಂತು. ಲೋಟವನ್ನು ನನ್ನ ಕೈಗೆ ಕೊಟ್ಟರು. "ಈಗ ಕೇಳುವುದಿಲ್ಲ."